ಹೊಸ ಹಲ್ಲುಸೆಟ್ ಹಾಕಿಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆ.ಆರ್.ಪೇಟೆಯಲ್ಲಿರುವ ನಮ್ಮಕ್ಕ ಮೇಲೆ ಕೆಳಗೆ ಎರಡೂ ಸೆಟ್ ಕಟ್ಟಿಸಿಕೊಂಡು ಹತ್ತೇ ದಿನ ಹಾಕಿಕೊಂಡಳು. ಆಮೇಲೆ ಅದು ಒಂದೂವರೆ ವರ್ಷ ಬೀರುವಿನಲ್ಲಿ, ಸೀರೆಗಳ ಪಕ್ಕ, ಸ್ಟೀಲ್ ಡಬ್ಬಿಯೊಳಗೆ ಇತ್ತು. ಕೇಳಿದರೆ "ನಂಗದು ಸರಿಹೋಗಲ್ಲ ಕಣಪ್ಪ" ಅನ್ನುತ್ತಿದ್ದಳು. ಆಮೇಲೆ ನನಗೂ ಪೂರ್ತಿ ಸೆಟ್ ಬಂತು. ಆಗ ಗೊತ್ತಾಯಿತು, ಅಕ್ಕನಿಗೆ ಬೇಕಿದ್ದದ್ದು ಬೇರೆ ಸೆಟ್ಟಲ್ಲ. ಮೊದಲ ಎರಡು ತಿಂಗಳು ಹೇಗಿರುತ್ತದೆ ಅಂತ ಯಾರಾದರೂ ಕೂತು ಹೇಳಬೇಕಿತ್ತು, ಅಷ್ಟೇ.

ನಾನು ಡಾಕ್ಟರಲ್ಲ. ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವಾಗ ನಮ್ಮ ವಯಸ್ಸಿನವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಉತ್ತರಗಳಲ್ಲಿ ನನ್ನ ಅನುಭವ ಇದೆ, ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದೂ ಇದೆ.

ಬಾಯಿಗೆ ಏನೋ ತುರುಕಿದ ಹಾಗಿದೆ. ಅಳತೆ ತಪ್ಪಿದೆಯಾ?

ಸಾಮಾನ್ಯವಾಗಿ ಇಲ್ಲ. ಮೊದಲ ದಿನ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ನಾಲಿಗೆ ಇಷ್ಟು ದಿನ ಖಾಲಿ ಬಾಯಿಯಲ್ಲಿ ಆರಾಮವಾಗಿ ಓಡಾಡಿಕೊಂಡಿತ್ತು. ಈಗ ಅದಕ್ಕೆ ಜಾಗ ಕಡಿಮೆಯಾಗಿದೆ. ತುಟಿ ಮುಂದೆ ಬಂದಂತೆ, ಕೆನ್ನೆ ಊದಿದಂತೆ ಕಾಣುತ್ತದೆ. ಕನ್ನಡಿ ನೋಡಿ ಬೇಜಾರಾಗಬೇಡಿ. ಹಲ್ಲಿಲ್ಲದೆ ಒಳಗೆ ಹೋಗಿದ್ದ ತುಟಿಗೆ ಈಗ ಆಸರೆ ಸಿಕ್ಕಿದೆ, ಅದಕ್ಕೇ ಹಾಗೆ.

ಜೊಲ್ಲೂ ಜಾಸ್ತಿ ಬರುತ್ತದೆ. ಹೊಸದೇನೋ ಬಾಯಿಗೆ ಬಂತು ಅಂದರೆ ಬಾಯಿ ಅದನ್ನು ಊಟ ಅಂದುಕೊಳ್ಳುತ್ತದೆ. ಪದೇ ಪದೇ ಉಗುಳಬೇಡಿ, ನುಂಗುತ್ತಿರಿ. ಕೆಲವು ದಿನಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ.

ಒಗ್ಗಲು ಎಷ್ಟು ದಿನ ಬೇಕು?

ಅಗಿಯುವುದನ್ನು ಹೊಸದಾಗಿ ಕಲಿಯಲು ಹೆಚ್ಚಿನವರಿಗೆ 6ರಿಂದ 8 ವಾರ ಬೇಕು. ಮೊದಲ ಸಲ ಹಾಕಿಸಿಕೊಂಡವರಿಗೆ, ವಯಸ್ಸು ಜಾಸ್ತಿ ಆದವರಿಗೆ ಇನ್ನೂ ಸ್ವಲ್ಪ ಸಮಯ ಹಿಡಿಯಬಹುದು. ಮೊದಲ ವಾರವೇ ಕಷ್ಟದ ವಾರ. ನನ್ನ ಮಟ್ಟಿಗೆ ಮೂರನೇ ವಾರದಲ್ಲಿ ಒಂದು ದಿನ ಪೇಪರ್ ಓದುತ್ತಾ ಕೂತಿದ್ದಾಗ, ಬಾಯಲ್ಲಿ ಸೆಟ್ ಇದೆ ಅನ್ನುವುದೇ ಮರೆತುಹೋಗಿತ್ತು. ಆ ದಿನ ಮನಸ್ಸಿಗೆ ತುಂಬಾ ಸಮಾಧಾನವಾಯಿತು.

ಪಕ್ಕದ ಮನೆಯವರು ಒಂದೇ ವಾರಕ್ಕೆ ಚಕ್ಕುಲಿ ತಿಂದರು ಅಂತ ಹೋಲಿಸಿಕೊಳ್ಳಬೇಡಿ. ಅವರ ವಸಡು, ಅವರ ದವಡೆ ಮೂಳೆ ಬೇರೆ, ನಿಮ್ಮದು ಬೇರೆ.

ವಸಡು ನೋಯುತ್ತಿದೆ. ತಡೆದುಕೊಳ್ಳಬೇಕಾ, ತೆಗೆದಿಡಬೇಕಾ?

ಎರಡೂ ಅಲ್ಲ. ಡಾಕ್ಟರಿಗೆ ತೋರಿಸಬೇಕು. ಇಡೀ ಬರಹದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದದ್ದು ಇದೊಂದೇ ಅಂತ ನನ್ನ ಅಭಿಪ್ರಾಯ.

ನಿಮ್ಮ ವಸಡು ಮೆತ್ತಗಿದೆ, ಸೆಟ್ ಗಟ್ಟಿಯಾಗಿದೆ. ಅಚ್ಚು ಎಷ್ಟೇ ಚೆನ್ನಾಗಿ ತೆಗೆದಿದ್ದರೂ ಅಗಿಯುವಾಗ ಎಲ್ಲಿ ಒತ್ತುತ್ತದೆ ಅನ್ನುವುದು ಹಾಕಿಕೊಂಡು ಊಟ ಮಾಡಿದ ಮೇಲೇ ಗೊತ್ತಾಗುವುದು. ಅದಕ್ಕೇ ಸೆಟ್ ಕೊಟ್ಟ ಮಾರನೆಯ ದಿನವೋ ಎರಡು ಮೂರು ದಿನದಲ್ಲೋ ಒಂದು ಸಲ, ವಾರಕ್ಕೆ ಇನ್ನೊಂದು ಸಲ ಹೋಗುವುದು ವಾಡಿಕೆ. ನನಗೆ ಸೆಟ್ ಮಾಡಿಕೊಟ್ಟ ಕ್ಲಿನಿಕ್ಕಿನಲ್ಲಿ ಮತ್ತೆ ಬರುವ ತಾರೀಕನ್ನು ಹೇಳಲೇ ಇಲ್ಲ. ನಾನೂ ಕೇಳಲಿಲ್ಲ. ಎರಡು ವಾರ ನೋವು ನುಂಗಿಕೊಂಡು ಕೂತೆ. ಒಂದೇ ಕಡೆ ಅಗಿದು ಅಗಿದು ಕಿವಿಯ ಹತ್ತಿರವೂ ನೋವು ಶುರುವಾಯಿತು. ಕೊನೆಗೆ ಹೋದಾಗ ಡಾಕ್ಟರು ಸೆಟ್ಟಿನ ಒಳಮೈಗೆ ಬಿಳಿ ಪೇಸ್ಟ್ ಹಚ್ಚಿ ಹಾಕಿಸಿದರು, ತೆಗೆದರು. ಪೇಸ್ಟ್ ಅಳಿಸಿಹೋಗಿದ್ದ ಕಡೆಯೇ ಒತ್ತುತ್ತಿದ್ದ ಜಾಗ. ಅಲ್ಲಿ ಸ್ವಲ್ಪ ಉಜ್ಜಿದರು. ಐದು ನಿಮಿಷದ ಕೆಲಸ. ಎರಡು ವಾರದ ಸಂಕಟ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ. ನೋವಿದೆ ಅಂತ ನಾಲ್ಕು ದಿನ ಸೆಟ್ ತೆಗೆದಿಟ್ಟು, ಆಮೇಲೆ ಡಾಕ್ಟರ ಹತ್ತಿರ ಹೋದರೆ ಅಷ್ಟರಲ್ಲಿ ಹುಣ್ಣು ಮಾಯ್ದಿರುತ್ತದೆ. ಎಲ್ಲಿ ಉಜ್ಜಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ತುಂಬಾ ನೋವಿದ್ದರೆ ತೆಗೆದು ವಸಡಿಗೆ ವಿಶ್ರಾಂತಿ ಕೊಡಿ. ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ಮುಕ್ಕಳಿಸಿ. ಆದರೆ ಹೋಗುವ ಮುಂಚೆ ಕೆಲವು ಗಂಟೆಯಾದರೂ ಹಾಕಿಕೊಂಡಿರಿ. ಆಗ ಕೆಂಪಗಾದ ಜಾಗ ಕಾಣುತ್ತದೆ.

ಮನೆಯಲ್ಲಿ ಅರ, ಉಪ್ಪುಕಾಗದ, ಚಾಕು ಹಿಡಿದು ನೀವೇ ಕೆರೆಯಲು ಹೋಗಬೇಡಿ. ಒಂದು ಕೂದಲೆಳೆಯಷ್ಟು ಜಾಸ್ತಿ ಹೋದರೂ ಸೆಟ್ಟಿನ ಹಿಡಿತ ಹೋಗುತ್ತದೆ.

ಮೇಲಿನದು ಗಟ್ಟಿಯಾಗಿ ಕೂತಿದೆ. ಕೆಳಗಿನದು ಮಾತ್ರ ಯಾಕೆ ಅಲ್ಲಾಡುತ್ತದೆ?

ಇದನ್ನು ಕೇಳದವರೇ ಇಲ್ಲ. ಮೇಲಿನ ಸೆಟ್ ಇಡೀ ಅಂಗುಳವನ್ನು ಮುಚ್ಚುತ್ತದೆ. ಒದ್ದೆಯಾದ ಎರಡು ಗಾಜನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ, ಅಲ್ವಾ? ಹಾಗೆ ನಡುವೆ ಇರುವ ಎಂಜಲಿನ ತೆಳು ಪದರವೇ ಅದನ್ನು ಹಿಡಿದಿಡುತ್ತದೆ. ಅಂಚಿನಿಂದ ಗಾಳಿ ಒಳಗೆ ಹೋಗದಿದ್ದರೆ ಹಿಡಿತ ಇನ್ನೂ ಗಟ್ಟಿ.

ಕೆಳಗೆ ಹಾಗಲ್ಲ. ಅಲ್ಲಿ ನಾಲಿಗೆ ಇದೆ. ಸೆಟ್ ಕುದುರೆ ಲಾಳದ ಆಕಾರದಲ್ಲಿ, ವಸಡಿನ ದಿಣ್ಣೆಯ ಮೇಲೆ ಸುಮ್ನೆ ಕೂತಿರುತ್ತದೆ. ಮೇಲಿನ ಸೆಟ್ಟಿಗೆ ಸಿಗುವ ಆಸರೆಯ ಜಾಗ ಸುಮಾರು 23 ಚದರ ಸೆಂಟಿಮೀಟರ್. ಕೆಳಗಿನದಕ್ಕೆ ಸಿಗುವುದು ಸುಮಾರು 12. ಸಾಲದ್ದಕ್ಕೆ ನಾಲಿಗೆ, ಕೆನ್ನೆ, ತುಟಿ ಮೂರೂ ಅದನ್ನು ತಳ್ಳುತ್ತಿರುತ್ತವೆ. ಹಲ್ಲು ಹೋದ ಮೇಲೆ ದವಡೆ ಮೂಳೆ ಸವೆಯುವುದೂ ಕೆಳಗೇ ಜಾಸ್ತಿ. ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕೆಳದವಡೆಯ ಸವೆತ ಮೇಲಿನದರ ಸುಮಾರು ನಾಲ್ಕು ಪಟ್ಟು ಕಂಡಿದೆ.

ಹಾಗಾದರೆ ಏನು ಮಾಡುವುದು? ನಾಲಿಗೆಗೆ ಕೆಲಸ ಕಲಿಸಬೇಕು. ನಾಲಿಗೆಯ ತುದಿ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯನ್ನು ಮೆಲ್ಲಗೆ ಮುಟ್ಟಿಕೊಂಡಿರಲಿ, ಎರಡೂ ಪಕ್ಕ ಸೆಟ್ಟಿನ ಮೇಲೆ ಹರಡಿಕೊಂಡಿರಲಿ. ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಂಡರೆ ಸೆಟ್ ಎದ್ದು ಬರುತ್ತದೆ. ನಾನು ಟಿವಿ ನೋಡುವಾಗ ಇದನ್ನೇ ಅಭ್ಯಾಸ ಮಾಡುತ್ತಿದ್ದೆ. ಒಂದು ತಿಂಗಳಾದ ಮೇಲೆ ನಾಲಿಗೆ ತಾನೇ ಹಾಗೆ ಕೂರತೊಡಗಿತು. ಕೆಳಗಿನದು ಮೇಲಿನದರಷ್ಟು ಗಟ್ಟಿಯಾಗಿ ಎಂದೂ ಕೂರುವುದಿಲ್ಲ. ಅದು ಡಾಕ್ಟರ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಇದು ಮೊದಲೇ ಗೊತ್ತಿದ್ದರೆ ಅರ್ಧ ಬೇಜಾರು ಕಡಿಮೆಯಾಗುತ್ತದೆ.

ಏನು ತಿನ್ನಲಿ? ಹೇಗೆ ತಿನ್ನಲಿ?

ಪೂರ್ತಿ ಸೆಟ್ಟಿನಲ್ಲಿ ಕಚ್ಚುವ ಬಲ ಸ್ವಂತ ಹಲ್ಲಿನ ಸುಮಾರು ಕಾಲು ಭಾಗ, ಹಲವರಿಗೆ ಅದಕ್ಕಿಂತಲೂ ಕಡಿಮೆ. ಬಲದ ಕೊರತೆಯನ್ನು ತಾಳ್ಮೆಯಿಂದ ತುಂಬಬೇಕು. ಸಣ್ಣ ತುತ್ತು, ನಿಧಾನ.

ಮೊದಲ ಮೂರು ನಾಲ್ಕು ದಿನ ರಾಗಿ ಅಂಬಲಿ, ಗಂಜಿ, ಮೊಸರನ್ನ, ಸಾರಿನಲ್ಲಿ ನೆನೆಸಿದ ಇಡ್ಲಿ, ಕಿವುಚಿದ ರಸಬಾಳೆ ಸಾಕು. ಆಮೇಲೆ ಒತ್ತುಶಾವಿಗೆ, ಮೆತ್ತಗಿನ ಉಪ್ಪಿಟ್ಟು, ಚೆನ್ನಾಗಿ ಬೆಂದ ತರಕಾರಿ, ಹಿದಕಿದ ಬೇಳೆ ಸಾರು. ತಿಂಗಳು ಕಳೆದ ಮೇಲೆ ಚಪಾತಿ, ಮೆತ್ತಗೆ ಬೆಂದ ಕೋಳಿ. ನಾಟಿಕೋಳಿಗೆ ಇನ್ನೂ ಸ್ವಲ್ಪ ಕಾಯಿರಿ, ಅದರ ಮಾಂಸ ಗಟ್ಟಿ.

ಅಗಿಯುವಾಗ ತುತ್ತನ್ನು ಎರಡು ಪಾಲು ಮಾಡಿ, ಬಲಗಡೆ ಒಂದು, ಎಡಗಡೆ ಒಂದು ಇಟ್ಟುಕೊಂಡು ಒಟ್ಟಿಗೆ ಅಗಿಯಿರಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ. ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆಯುವುದಂತೂ ಬೇಡ. ಹಳ್ಳಿಯಲ್ಲಿ ಏತ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ತುದಿ ಕೆಳಗೆ ಹೋದರೆ ಇನ್ನೊಂದು ತುದಿ ಮೇಲೆ. ಮುಂದೆ ಕಚ್ಚಿದರೆ ಸೆಟ್ ಹಿಂದುಗಡೆ ಕಳಚಿಕೊಳ್ಳುತ್ತದೆ. ಸೀಬೆಹಣ್ಣಾಗಲಿ ಸೇಬಾಗಲಿ ಚಾಕುವಿನಲ್ಲಿ ಕುಯ್ದು ಪಕ್ಕದ ಹಲ್ಲಿಗೆ ಕೊಡಿ.

ಕಾಟ ಕೊಡುವುದು ಗಟ್ಟಿ ಪದಾರ್ಥ ಮಾತ್ರ ಅಲ್ಲ. ಸೀಬೆ ಬೀಜ, ಟೊಮೆಟೊ ಬೀಜ, ಬದನೆಕಾಯಿ ಬೀಜ, ಎಳ್ಳು, ಇವು ಸೆಟ್ಟಿನ ಅಡಿಗೆ ಹೋಗಿ ಸೂಜಿ ಚುಚ್ಚಿದ ಹಾಗೆ ಚುಚ್ಚುತ್ತವೆ. ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಬೇಡ ಅನ್ನಲಾಗುವುದಿಲ್ಲ. ನಮ್ಮ ಮನೆಯಲ್ಲಿ ನನ್ನ ಪಾಲನ್ನು ಪುಡಿ ಮಾಡಿ ಕೊಡುತ್ತಾರೆ. ಸಕ್ಕರೆ ಅಚ್ಚನ್ನು ಕಚ್ಚದೆ ಬಾಯಲ್ಲಿ ಕರಗಿಸುತ್ತೇನೆ.

ಮದ್ದೂರು ವಡೆ ತಿನ್ನಬಹುದಾ ಅಂತ ಮಂಡ್ಯ ಕಡೆಯವರು ಕೇಳೇ ಕೇಳುತ್ತಾರೆ. ಎರಡು ಮೂರು ತಿಂಗಳಾದ ಮೇಲೆ, ಕೈಯಲ್ಲಿ ಸಣ್ಣಗೆ ಮುರಿದುಕೊಂಡು ತಿನ್ನಿ. ಕಬ್ಬು ಸಿಗಿಯುವ ಆಸೆಯನ್ನು ಮಾತ್ರ ಬಿಡಬೇಕು. ಕಬ್ಬಿನ ಹಾಲು ಕುಡಿಯಿರಿ.

ಮುದ್ದೆ ಉಣ್ಣಬಹುದಾ?

ಧಾರಾಳವಾಗಿ. ಮುದ್ದೆಯನ್ನು ಅಗಿಯುವ ಹಾಗೇ ಇಲ್ಲವಲ್ಲ, ಹಾಗಾಗಿ ಇದು ನಮ್ಮ ಸೀಮೆಯವರ ಪುಣ್ಯ. ಬಸ್ಸಾರು, ಸೊಪ್ಪಿನ ಸಾರಿನ ಜೊತೆ ಮೊದಲ ವಾರವೇ ಶುರು ಮಾಡಬಹುದು. ಒಂದು ಎಚ್ಚರಿಕೆ ಇರಲಿ. ಅಂಗುಳ ಮುಚ್ಚಿರುವುದರಿಂದ ತುತ್ತು ಎಷ್ಟು ದೊಡ್ಡದು ಅಂತ ಬಾಯಿಗೆ ಸರಿಯಾಗಿ ತಿಳಿಯುವುದಿಲ್ಲ. ಹಳೆ ಅಭ್ಯಾಸದಲ್ಲಿ ದೊಡ್ಡ ತುತ್ತು ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮೊದಲಿನ ಅರ್ಧದಷ್ಟು ತುತ್ತು ಮುರಿದು, ಸಾರಿನಲ್ಲಿ ಚೆನ್ನಾಗಿ ಅದ್ದಿ ನುಂಗಿ. ಮೀನಿನ ಮುಳ್ಳಿನ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಮುಳ್ಳು ತಟ್ಟೆಯಲ್ಲೇ ಬಿಡಿಸಿಕೊಳ್ಳಿ.

ಕಾಫಿ ಬಿಸಿ ಗೊತ್ತಾಗುತ್ತಿಲ್ಲ, ಊಟದಲ್ಲಿ ರುಚಿಯೂ ಇಲ್ಲ. ಯಾಕೆ?

ಬಿಸಿ ತಿಳಿಯುವ ಅಂಗುಳದ ಮೇಲೆ ಈಗ ಸೆಟ್ ಕೂತಿದೆ. ಕಾಫಿ ನೇರವಾಗಿ ಗಂಟಲಿಗೆ ಹೋಗಿ ಸುಡುತ್ತದೆ. ಮೊದಲು ತುಟಿಗೆ ತಾಗಿಸಿ ನೋಡಿ, ಒಂದೊಂದೇ ಗುಟುಕು ಕುಡಿಯಿರಿ. ರುಚಿ ತಿಳಿಯುವುದು ಮುಖ್ಯವಾಗಿ ನಾಲಿಗೆಯಿಂದ, ಅದು ಎಲ್ಲೂ ಹೋಗಿಲ್ಲ. ಬಾಯಿಯ ಗಮನವೆಲ್ಲ ಸೆಟ್ಟಿನ ಮೇಲಿರುವಾಗ ಊಟ ಸಪ್ಪೆ ಅನ್ನಿಸುತ್ತದೆ. ಸಪ್ಪೆ ಅಂತ ಉಪ್ಪು ಜಾಸ್ತಿ ಹಾಕಿಸಿಕೊಳ್ಳಬೇಡಿ, ಬಿಪಿ ಇರುವವರಂತೂ ಬೇಡವೇ ಬೇಡ. ಕೆಲವು ವಾರದಲ್ಲಿ ರುಚಿ ಮರಳಿ ಬರುತ್ತದೆ.

ಮಾತು ತೊದಲುತ್ತಿದೆ. ಜನರ ಎದುರು ಬಾಯಿ ಬಿಡಲು ಸಂಕೋಚ.

ಮೂವತ್ತು ವರ್ಷ ಪಾಠ ಹೇಳಿದವನಿಗೆ ಸಿಟಿ ಬಸ್ಸಿನಲ್ಲಿ ಕಂಡಕ್ಟರಿಗೆ "ಸರಸ್ವತಿಪುರಂ" ಅನ್ನಲಾಗಲಿಲ್ಲ. ಎರಡು ಸಲ ಹೇಳಿದೆ, ಅವರಿಗೆ ತಿಳಿಯಲಿಲ್ಲ. ಆ ದಿನ ಮನೆಗೆ ಬಂದು ಸುಮ್ಮನೆ ಕೂತುಬಿಟ್ಟೆ. ಆದ್ದರಿಂದ ಈ ಸಂಕೋಚ ನನಗೆ ಚೆನ್ನಾಗಿ ಗೊತ್ತು.

ಕಾರಣ ತಿಳಿದರೆ ಧೈರ್ಯ ಬರುತ್ತದೆ. ಪ, ಬ, ಮ ತುಟಿಯಲ್ಲೇ ಹುಟ್ಟುವ ಅಕ್ಷರಗಳು. ಅವಕ್ಕೆ ಅಷ್ಟೇನೂ ತೊಂದರೆ ಇಲ್ಲ. ತ, ಥ, ದ, ಧ ಹೇಳಲು ನಾಲಿಗೆ ಮೇಲಿನ ಹಲ್ಲಿನ ಹಿಂಬದಿಯನ್ನು ಮುಟ್ಟಬೇಕು. ಆ ಹಲ್ಲು ಈಗ ಹೊಸದು, ಜಾಗವೂ ಸ್ವಲ್ಪ ಬೇರೆ. ಟ, ಡ, ಣ, ಳ ಹೇಳಲು ನಾಲಿಗೆ ಮಡಿಸಿ ಅಂಗುಳಕ್ಕೆ ತಾಗಿಸಬೇಕು. ಅಲ್ಲಿ ಈಗ ಸೆಟ್ಟಿನ ದಪ್ಪ ಇದೆ. ಸ, ಶ ಹೇಳುವಾಗ ಗಾಳಿ ಹೋಗುವ ಸಂದಿ ಬದಲಾಗಿರುವುದರಿಂದ ಸಿಳ್ಳೆ ಹಾಕಿದ ಹಾಗಾಗುತ್ತದೆ. ನಾಲಿಗೆ ಹೊಸ ಜಾಗಗಳನ್ನು ಹುಡುಕಿಕೊಳ್ಳಬೇಕು. ಹೇಳಿದಷ್ಟೂ ಬೇಗ ಹುಡುಕಿಕೊಳ್ಳುತ್ತದೆ.

ದಿನಾ ಬೆಳಿಗ್ಗೆ ಕಾಲು ಗಂಟೆ ಪೇಪರನ್ನು ಜೋರಾಗಿ ಓದಿ. ಮೊಮ್ಮಕ್ಕಳಿದ್ದರೆ ಅವರ ಜೊತೆ ಮಗ್ಗಿ ಹೇಳಿ. ನಾನು ಊರಿನ ಹೆಸರುಗಳನ್ನೇ ಹಿಡಿದುಕೊಂಡೆ. ಸಯ್ಯಾಜಿರಾವ್ ರಸ್ತೆ, ಸರಸ್ವತಿಪುರಂ, ಸಿದ್ಧಾರ್ಥನಗರ. ಚಾಮುಂಡಿಬೆಟ್ಟ, ಹುಣಸೂರು, ಪಿರಿಯಾಪಟ್ಟಣ, ಟಿ. ನರಸೀಪುರ. ಮಳವಳ್ಳಿ ಅನ್ನುವ ಹೆಸರಲ್ಲಿ 'ಳ' ಎರಡು ಕಡೆ ಬರುತ್ತದೆ, ಒಳ್ಳೆಯ ಅಭ್ಯಾಸ. ನಿಧಾನವಾಗಿ ಹೇಳಿ. ಬೇಗ ಹೇಳಲು ಹೋದರೆ ಸೆಟ್ ಟಕ್ ಟಕ್ ಅನ್ನುತ್ತದೆ. ಎರಡು ಮೂರು ವಾರದಲ್ಲಿ ಹೆಚ್ಚಿನವರ ಮಾತು ಸರಿಹೋಗುತ್ತದೆ. ತಿಂಗಳುಗಳು ಕಳೆದರೂ ಟಕ್ ಟಕ್ ಸದ್ದು ನಿಲ್ಲದಿದ್ದರೆ ಸೆಟ್ಟಿನ ಎತ್ತರದಲ್ಲಿ ತೊಂದರೆ ಇರಬಹುದು, ತೋರಿಸಿ.

ವಾಕರಿಕೆ ಬರುತ್ತಿದೆ.

ಮೂಗಿನಲ್ಲಿ ನಿಧಾನವಾಗಿ ಉಸಿರಾಡಿ. ಒಂದು ಪೆಪ್ಪರ್‌ಮಿಂಟ್ ಚೀಪಿ (ಶುಗರ್ ಇದ್ದವರು ಸಕ್ಕರೆ ಇಲ್ಲದ್ದು). ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಹೀಗೆ ಸಮಯ ಹೆಚ್ಚಿಸಿ. ಒಂದು ವಾರವಾದರೂ ನಿಲ್ಲದಿದ್ದರೆ ಮೇಲಿನ ಸೆಟ್ಟಿನ ಹಿಂದಿನ ಅಂಚು ಉದ್ದವಾಗಿದೆಯೋ ಸಡಿಲವಾಗಿದೆಯೋ ಅಂತ ಡಾಕ್ಟರು ನೋಡಬೇಕು.

ರಾತ್ರಿ ಹಾಕಿಕೊಂಡೇ ಮಲಗಬಹುದಾ?

ಬೇಡ. ಹಗಲೆಲ್ಲ ಒತ್ತಿಸಿಕೊಂಡ ವಸಡಿಗೆ ರಾತ್ರಿಯಾದರೂ ಬಿಡುವು ಬೇಕು. ತೆಗೆಯದೇ ಇದ್ದವರಿಗೆ ಸೆಟ್ಟಿನ ಅಡಿಯಲ್ಲಿ ಫಂಗಸ್ ಬೆಳೆದು ಅಂಗುಳ ಕೆಂಪಗಾಗುತ್ತದೆ. ಹಲವರಿಗೆ ನೋವೇ ಇರುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಜಪಾನಿನಲ್ಲಿ 85 ವರ್ಷ ದಾಟಿದ ಐನೂರಕ್ಕೂ ಹೆಚ್ಚು ಹಿರಿಯರನ್ನು ಮೂರು ವರ್ಷ ಗಮನಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಸೆಟ್ ಹಾಕಿಕೊಂಡೇ ಮಲಗುತ್ತಿದ್ದವರಲ್ಲಿ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ತೆಗೆದು, ತೊಳೆದು, ಮಾಮೂಲಿ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಒಣಗಲು ಬಿಡಬೇಡಿ, ಆಕಾರ ಕೆಡುತ್ತದೆ. ಹಲ್ಲು ಕೀಳಿಸಿದ ದಿನವೇ ಸೆಟ್ ಹಾಕಿದ್ದರೆ ಮಾತ್ರ ಮೊದಲ ರಾತ್ರಿ ತೆಗೆಯಬೇಡಿ ಅಂತ ಹೇಳುತ್ತಾರೆ. ಆಗ ಡಾಕ್ಟರು ಹೇಳಿದಂತೆ ಮಾಡಿ.

ತೊಳೆಯುವುದು ಹೇಗೆ? ಟೂತ್‌ಪೇಸ್ಟ್ ಸಾಕಾ?

ಟೂತ್‌ಪೇಸ್ಟ್ ಬೇಡ. ಅದರಲ್ಲಿರುವ ಉಜ್ಜುವ ಪುಡಿ ಸ್ವಂತ ಹಲ್ಲಿಗೆ ಸರಿ, ಸೆಟ್ಟಿನ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಮೇಲೆ ಗೀರು ಬೀಳಿಸುತ್ತದೆ. ಗೀರಿನಲ್ಲಿ ಕೊಳೆ ಕೂರುತ್ತದೆ. ಇದ್ದಿಲು, ಉಪ್ಪು, ಹಲ್ಲುಪುಡಿಗೂ ಇದೇ ಮಾತು. ಮೆತ್ತಗಿನ ಬ್ರಷ್, ಸ್ವಲ್ಪ ಕೈ ತೊಳೆಯುವ ಸೋಪು ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಒಳಮೈ, ಹೊರಮೈ ಎರಡೂ ಉಜ್ಜಿ ಚೆನ್ನಾಗಿ ತೊಳೆಯಿರಿ. ಪ್ರತಿ ಊಟದ ಮೇಲೆ ಬರೀ ನೀರಿನಲ್ಲಿ ತೊಳೆದರೂ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ನೆನೆಸುವ ಮಾತ್ರೆಯನ್ನು ನೀರಿಗೇ ಹಾಕಬೇಕು, ಬಾಯಿಗೆ ಹಾಕಿಕೊಳ್ಳಬಾರದು. ಮನೆಯಲ್ಲಿ ನೆನಪಿನ ಶಕ್ತಿ ಕಡಿಮೆಯಾದ ಹಿರಿಯರಿದ್ದರೆ ಆ ಮಾತ್ರೆಗಳನ್ನು ಬೇರೆ ಎತ್ತಿಡಿ.

ಕುದಿಯುವ ನೀರು ಹಾಕಿ ಕ್ರಿಮಿ ಸಾಯಿಸುತ್ತೇನೆ ಅನ್ನುವವರು ನಮ್ಮ ಕಡೆ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಅಕ್ರಿಲಿಕ್ ಬಿಸಿಗೆ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಬೋರ್‌ವೆಲ್ ನೀರಿನ ಊರುಗಳಲ್ಲಿ ಸೆಟ್ಟಿನ ಮೇಲೆ ಬಿಳಿ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಅರ್ಧ ನೀರು, ಅರ್ಧ ಬಿಳಿ ವಿನೆಗರ್ ಬೆರೆಸಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿದರೆ ಬಿಡುತ್ತದೆ. ಸೆಟ್ಟಿನಲ್ಲಿ ಲೋಹ ಇದ್ದರೆ ಡಾಕ್ಟರನ್ನು ಕೇಳಿ ಮಾಡಿ.

ತೊಳೆಯುವಾಗ ಕೆಳಗೆ ನೀರು ತುಂಬಿದ ಬಕೆಟ್ಟೋ ಮಡಿಸಿದ ಟವೆಲ್ಲೋ ಇರಲಿ. ಸೆಟ್ ಒಡೆಯುವುದು ಹೆಚ್ಚಾಗಿ ಸಿಂಕಿನಲ್ಲೇ. ಖಾಲಿ ವಸಡು, ನಾಲಿಗೆಯನ್ನೂ ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿಕೊಳ್ಳಿ.

ಅಂಟಿಸುವ ಪೇಸ್ಟ್, ಪುಡಿ ಬಳಸಬಹುದಾ?

ಚೆನ್ನಾಗಿ ಕೂತಿರುವ ಸೆಟ್ಟಿಗೆ ಇನ್ನಷ್ಟು ಧೈರ್ಯ ಬೇಕಾದಾಗ, ಮದುವೆ ಮನೆಗೆ ಹೋಗುವಾಗ, ಬಳಸಬಹುದು. ಬಟಾಣಿ ಕಾಳಿನಷ್ಟೇ ಸಾಕು. ರಾತ್ರಿ ಪೂರ್ತಿ ತೊಳೆದು ತೆಗೆಯಬೇಕು. ಸಡಿಲವಾದ ಸೆಟ್ಟಿಗೆ ಟ್ಯೂಬ್ ಟ್ಯೂಬ್ ಹಚ್ಚಿ ಸುಧಾರಿಸಿಕೊಳ್ಳುವುದು ತಪ್ಪು. ಸತು ಇರುವ ಪೇಸ್ಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಿಗೆ ನರದ ತೊಂದರೆ, ಕೈಕಾಲು ಜೋಮು ಬಂದದ್ದಿದೆ.

ಎಲೆ ಅಡಿಕೆ?

ಮೈಸೂರು ವೀಳ್ಯದೆಲೆಯ ಊರಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಬಿಡಿ. ಸೆಟ್ ಕೆಂಪಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಗಟ್ಟಿ ಅಡಿಕೆಗೆ ಹಲ್ಲು ಹಾರುತ್ತದೆ. ಅದು ಸಣ್ಣ ಮಾತು. ದೊಡ್ಡ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಹೇಳಿದೆ. ಸೆಟ್ ಹಾಕಿದ ಮೇಲೆ ಬಾಯಲ್ಲಿ ಹುಣ್ಣಾದರೆ "ಸೆಟ್ ಉಜ್ಜಿದ್ದು" ಅಂತ ಸುಮ್ಮನಿರುವುದು ಸುಲಭ. ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಕಂಡರೆ ಒಂದು ದಿನವೂ ತಡ ಮಾಡಬೇಡಿ.

ನನಗೆ ಶುಗರ್ ಇದೆ. ಬಾಯಿ ಒಣಗುತ್ತದೆ.

ಎಂಜಲು ಕಡಿಮೆಯಾದರೆ ಮೇಲಿನ ಸೆಟ್ಟಿನ ಹಿಡಿತವೂ ಕಡಿಮೆ, ಉಜ್ಜಿದ ಗಾಯವೂ ಜಾಸ್ತಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ನಿಧಾನವಾಗಿ ಮಾಯುತ್ತದೆ, ಫಂಗಸ್ ಬೇಗ ಹಿಡಿಯುತ್ತದೆ. ಬಿಪಿ, ಅಲರ್ಜಿ, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಮಾತ್ರೆ ಚೀಟಿಯನ್ನು ಹಲ್ಲಿನ ಡಾಕ್ಟರಿಗೂ ತೋರಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಹಾಕಿಕೊಳ್ಳುವ ಮುಂಚೆ ಸೆಟ್ ಒದ್ದೆ ಮಾಡಿ, ಆಗಾಗ ಒಂದು ಗುಟುಕು ನೀರು ಕುಡಿಯಿರಿ.

ಬಿದ್ದು ಎರಡು ತುಂಡಾಯಿತು. ಫೆವಿಕ್ವಿಕ್ ಹಾಕಲಾ?

ಬೇಡ. ಅದು ಬಾಯಿಗೆ ಹಾಕುವ ವಸ್ತುವಲ್ಲ. ತುಂಡುಗಳನ್ನು ಒಂದಿಷ್ಟು ಆಚೆ ಈಚೆ ಅಂಟಿಸಿದರೆ ಆಮೇಲೆ ಸರಿಮಾಡಲೂ ಆಗುವುದಿಲ್ಲ. ಎಲ್ಲ ಚೂರುಗಳನ್ನೂ ಎತ್ತಿಟ್ಟುಕೊಂಡು ಹೋಗಿ. ನೇರವಾಗಿ ಮುರಿದಿದ್ದರೆ ಜೋಡಿಸಿಕೊಡುತ್ತಾರೆ.

ಒಂದು ಸೆಟ್ ಎಷ್ಟು ವರ್ಷ ಬರುತ್ತದೆ? ಆರು ತಿಂಗಳಲ್ಲೇ ಸಡಿಲವಾಯಿತಲ್ಲ?

ಹಲ್ಲು ಕೀಳಿಸಿದ ದಿನವೇ, ಇಲ್ಲವೇ ಕೆಲವೇ ವಾರಕ್ಕೆ ಹಾಕಿಸಿದ ಸೆಟ್ ಬೇಗ ಸಡಿಲವಾಗುವುದು ಸಹಜ. ಮೊದಲ ವರ್ಷದಲ್ಲೇ ಮೂಳೆ ಹೆಚ್ಚು ಇಳಿಯುತ್ತದೆ. ಕೆಟ್ಟಿದ್ದು ಸೆಟ್ಟಲ್ಲ, ಇಳಿದದ್ದು ವಸಡು. ಒಳಮೈಗೆ ಹೊಸ ಪದರ ಕೊಟ್ಟು ಸರಿಮಾಡುತ್ತಾರೆ, ಅದಕ್ಕೆ ರಿಲೈನ್ ಅನ್ನುತ್ತಾರೆ. ಸಾಮಾನ್ಯವಾಗಿ 5ರಿಂದ 7 ವರ್ಷಕ್ಕೆ ಹೊಸ ಸೆಟ್ ಬೇಕಾಗುತ್ತದೆ. ಹಲ್ಲೇ ಇಲ್ಲವಲ್ಲ ಅಂದುಕೊಳ್ಳದೆ ವರ್ಷಕ್ಕೊಮ್ಮೆ ಬಾಯಿ ತೋರಿಸಿಕೊಳ್ಳಿ.

ಕೆಳಗಿನದಕ್ಕೆ ಇಂಪ್ಲಾಂಟ್ ಹಾಕಿಸಿದರೆ?

ದುಡ್ಡಿನ ಅನುಕೂಲ ಇದ್ದು, ಡಾಕ್ಟರು ಆಗಬಹುದು ಅಂದರೆ ಯೋಚಿಸಿ. ಕೆಳದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ (ಮೂಳೆಯೊಳಗೆ ಇಳಿಸುವ ಸಣ್ಣ ಲೋಹದ ತಿರುಪು) ಕೂರಿಸಿ, ಸೆಟ್ಟನ್ನು ಅಂಗಿ ಗುಂಡಿಯಂತೆ ಅದಕ್ಕೆ ಸಿಕ್ಕಿಸುತ್ತಾರೆ. ರಾತ್ರಿ ತೆಗೆಯಬಹುದು. 2002ರಲ್ಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ ತಜ್ಞರು ಕೆಳಗಿನ ಸೆಟ್ಟಿಗೆ ಇದೇ ಮೊದಲ ಆಯ್ಕೆ ಆಗಬೇಕು ಅಂದಿದ್ದರು. ಮೂಳೆಗೆ ಇಂಪ್ಲಾಂಟ್ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬೇಕು.

ಖರ್ಚು ಕಡಿಮೆಯಲ್ಲಿ ಎಲ್ಲಿ ಆಗುತ್ತದೆ?

ಮೈಸೂರಿನಲ್ಲಿ ಎರಡು ದಂತ ಕಾಲೇಜುಗಳಿವೆ. ಬನ್ನಿಮಂಟಪದ ಕಡೆ ಜೆಎಸ್‌ಎಸ್, ತಿಲಕ್ ನಗರದಲ್ಲಿ ಫಾರೂಕಿಯಾ. ಕಾಲೇಜು ಆಸ್ಪತ್ರೆಗಳಲ್ಲಿ ಕಲಿಯುತ್ತಿರುವ ಡಾಕ್ಟರುಗಳು ಪ್ರೊಫೆಸರುಗಳ ಕಣ್ಣೆದುರು ಸೆಟ್ ಮಾಡುತ್ತಾರೆ. ಸಾಮಾನ್ಯವಾಗಿ ಖರ್ಚು ಕಡಿಮೆ, ಓಡಾಟ ಜಾಸ್ತಿ. ಅಚ್ಚು ಎರಡು ಸಲ, ಕಚ್ಚುವ ಅಳತೆ ಒಂದು ಸಲ, ಮೇಣದಲ್ಲಿ ಹಲ್ಲು ಜೋಡಿಸಿ ನೋಡುವುದು ಒಂದು ಸಲ, ಆಮೇಲೆ ಸೆಟ್. ಮೇಣದಲ್ಲಿ ತೋರಿಸಿದಾಗಲೇ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹಲ್ಲಿನ ಬಣ್ಣ, ಗಾತ್ರ, ನಗು ಒಪ್ಪಿಗೆಯಾಗದಿದ್ದರೆ ಹೇಳಲು ಅದೇ ಸಮಯ.

ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಪೂರ್ತಿ ಸೆಟ್ ಕೊಡಲು ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಕಾರ್ಡ್ ತೋರಿಸಿ ಕೇಳಿ.

ಮನೆಯವರು ಏನು ಮಾಡಬಹುದು?

ಊಟಕ್ಕೆ ಕಾಯಬೇಕು. ಎಲ್ಲರೂ ಎದ್ದ ಮೇಲೆ ಒಬ್ಬರೇ ಅಗಿಯುತ್ತಾ ಕೂರುವ ನಾಚಿಕೆ ಇದೆಯಲ್ಲ, ಅದು ನೋವಿಗಿಂತ ಜಾಸ್ತಿ. ಅದಕ್ಕೇ ಎಷ್ಟೋ ಜನ ಅರ್ಧ ಹೊಟ್ಟೆಯಲ್ಲಿ ಏಳುತ್ತಾರೆ. ಮಾತು ತಿಳಿಯದಿದ್ದರೆ "ಇನ್ನೊಂದ್ಸಲ ಹೇಳಿ ಅಪ್ಪಾ" ಅನ್ನಿ, ಅವರನ್ನು ಅಣಕಿಸಬೇಡಿ. ಮಕ್ಕಳಿಗೂ ಇದನ್ನು ಹೇಳಿಕೊಡಿ. ಡಾಕ್ಟರ ಹತ್ತಿರ ಮತ್ತೆ ಮತ್ತೆ ಕರೆದುಕೊಂಡು ಹೋಗಲು ಬೇಜಾರು ಮಾಡಿಕೊಳ್ಳಬೇಡಿ. ಹಿರಿಯರು "ಪರವಾಗಿಲ್ಲ, ಸರಿ ಇದೆ" ಅನ್ನುವುದು ಎಷ್ಟೋ ಸಲ ನಿಮ್ಮ ರಜೆ ಹಾಳಾಗದಿರಲಿ ಅಂತ.

ಸೆಟ್ ಡಬ್ಬಿಗೆ ಹಾಕಿಟ್ಟು ವರ್ಷ ಆಯಿತು. ಈಗ ಮತ್ತೆ ಹಾಕಬಹುದಾ?

ಒತ್ತಿ ಹಾಕಿಕೊಳ್ಳಬೇಡಿ. ಇಷ್ಟು ದಿನದಲ್ಲಿ ನಿಮ್ಮ ವಸಡು ಬದಲಾಗಿದೆ, ಒಣಗಿದ ಸೆಟ್ಟೂ ಬದಲಾಗಿರಬಹುದು. ತೊಳೆದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಆ ಡಬ್ಬಿಯ ಸಮೇತ ಡಾಕ್ಟರ ಹತ್ತಿರ ಹೋಗಿ. ಎಲ್ಲಿ ನೋಯುತ್ತಿತ್ತು, ಯಾಕೆ ಬಿಟ್ಟಿರಿ ಅಂತ ಬಿಚ್ಚಿ ಹೇಳಿ.

ಅಕ್ಕನನ್ನು ನಾನೇ ಮೈಸೂರಿಗೆ ಕರೆದುಕೊಂಡು ಬಂದೆ. ಮೇಲಿನದಕ್ಕೆ ಒಳಪದರ ಕೊಟ್ಟು ಉಳಿಸಿಕೊಂಡರು. ಕೆಳಗಿನದನ್ನು ಹೊಸದಾಗಿ ಮಾಡಬೇಕಾಯಿತು. ಸೆಟ್ ಬಂದ ಮೇಲೆ ಮೂರು ಸಲ ಉಜ್ಜಿಸಿಕೊಳ್ಳಲು ಹೋದೆವು. ನಾಲ್ಕನೆಯ ಸಲ ಫೋನ್ ಮಾಡಿದಾಗ "ಬಸ್ಸಿಗೆ ಬರ್ತೀನಿ ಬಿಡಪ್ಪ, ದಾರಿ ಗೊತ್ತು" ಅಂದಳು. 'ಸ' ಸ್ಪಷ್ಟವಾಗಿ ಕೇಳಿಸಿತು.